ಅಮ್ಮನ ಸಮಾಧಿ ಇನ್ನಿರುವುದಿಲ್ಲವಂತೆ

ಪ್ರಶ್ನೆ: ಅಮ್ಮ ತೀರಿಹೋಗಿ 12 ವರ್ಷ. ಆಗ ದುಡ್ಡಿರಲಿಲ್ಲ, ಕಾಯಂ ಸಮಾಧಿ ಮಾಡಿಸಲಿಲ್ಲ. ಮಣ್ಣಿನ ಗುಡ್ಡೆ, ಮೇಲೊಂದು ಮರದ ಶಿಲುಬೆ ಅಷ್ಟೇ. ಸತ್ತವರನ್ನು ನೆನೆಯುವ ದಿನ ಅಂತ ಪ್ರತಿ ನವೆಂಬರ್ 2ಕ್ಕೆ ಹೋಗಿ ಹೂ ಹಾಕಿ ಮೇಣದಬತ್ತಿ ಹಚ್ಚುತ್ತೇನೆ. ಈಗ ಜಾಗ ಸಾಲದೆ ಅಲ್ಲಿ ಬೇರೆಯವರನ್ನು ಹೂಳುತ್ತಾರಂತೆ. ಸಾಲ ಮಾಡಿಯಾದರೂ ಉಳಿಸು ಎಂದು ಅಣ್ಣ ಜಗಳವಾಡುತ್ತಿದ್ದಾನೆ. ಮಗಳ ಕಾಲೇಜ್ ಫೀಸ್ ಬೇರೆ ಕಟ್ಟಬೇಕು. ಸಮಾಧಿಯೇ ಹೋದರೆ ಅಮ್ಮನನ್ನು ಎಲ್ಲಿ ನೆನೆಯಲಿ?

ಉತ್ತರ: ಸಾಲ ಮಾಡಬೇಡಿ. ಮೊದಲು ಅದನ್ನು ಹೇಳಿಬಿಡುತ್ತೇನೆ. ಮೊಮ್ಮಗಳ ಫೀಸ್ ನಿಲ್ಲಿಸಿ ತನಗೆ ಜಾಗ ಕೊಳ್ಳಿ ಎಂದು ನಿಮ್ಮಮ್ಮ ಕೇಳುತ್ತಿದ್ದರಾ?

ಸಂತ ಮೋನಿಕಾ ನಿಮಗೆ ಗೊತ್ತಲ್ವಾ, ಮಗ ಅಗಸ್ಟೀನನಿಗಾಗಿ ವರ್ಷಗಟ್ಟಲೆ ಅತ್ತು ಪ್ರಾರ್ಥಿಸಿದ ತಾಯಿ. ಗಂಡನ ಪಕ್ಕದಲ್ಲೇ ಮಣ್ಣಾಗಬೇಕೆಂದು ಆಕೆ ಊರಲ್ಲಿ ಜಾಗವನ್ನೂ ಸಿದ್ಧ ಮಾಡಿಟ್ಟಿದ್ದಳು. 387ರಲ್ಲಿ ಆಫ್ರಿಕಾದ ಆ ಊರಿಗೆ ಹಡಗು ಹತ್ತಲು ರೋಮ್ ಬಳಿಯ ಓಸ್ಟಿಯಾ ಬಂದರಿನಲ್ಲಿ ಕಾಯುತ್ತಿದ್ದಾಗ ಜ್ವರ ಬಂತು. ಊರಲ್ಲಿ ಸತ್ತಿದ್ದರೆ ಚೆನ್ನಾಗಿತ್ತು ಎಂದು ಇನ್ನೊಬ್ಬ ಮಗ ಪೇಚಾಡಿದ. ನಿಮ್ಮ ಅಣ್ಣನ ಹಾಗೇ. ಆ ತಾಯಿ ಒಪ್ಪಲಿಲ್ಲ. ಈ ದೇಹವನ್ನು ಎಲ್ಲಾದರೂ ಇಡಿ, ನೀವು ಎಲ್ಲೇ ಇದ್ದರೂ ದೇವರ ಪೀಠದ ಹತ್ತಿರ ನನ್ನನ್ನು ನೆನೆಯಿರಿ, ಅಷ್ಟು ಸಾಕು ಎಂದಳು. ಓಸ್ಟಿಯಾದಲ್ಲೇ ಹೂಳಿದರು. ಮುಂದೆ ಸಮಾಧಿಯ ಕಲ್ಲೂ ಕಾಣೆಯಾಯಿತು. 1945ರಲ್ಲಿ ಅಲ್ಲಿನ ಚರ್ಚಿನ ಪಕ್ಕ ಆಟಕ್ಕೆಂದು ಕಂಬ ನೆಡಲು ಗುಂಡಿ ತೋಡಿದ ಹುಡುಗರಿಗೆ ಅದರ ಒಂದು ತುಂಡು ಸಿಕ್ಕಿತು. ಅಷ್ಟು ಶತಮಾನ ಕಲ್ಲು ಮಣ್ಣಲ್ಲಿತ್ತು. ಆಕೆಯನ್ನು ಯಾರೂ ಮರೆತಿರಲಿಲ್ಲ.

ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳ ಕೇಳಿದ್ದೂ ಅದನ್ನೇ, ನನ್ನನ್ನು ನೆನೆಸಿಕೋ ಅಂತ. ಅವನನ್ನು ಎಲ್ಲಿ ಹೂಳಿದರೋ ಯಾರಿಗೂ ಗೊತ್ತಿಲ್ಲ. ಬೈಬಲ್ಲಿನಲ್ಲಿ ಅವನ ಹೆಸರೂ ಇಲ್ಲ. ಆದರೂ ಯೇಸು ಅವನಿಗೆ ಅವತ್ತೇ ತನ್ನ ಜೊತೆ ಜಾಗ ಕೊಟ್ಟ. ಈ ಮಾತು ನನಗೆ ಎಷ್ಟೋ ಸಾವುಗಳ ಮನೆಯಲ್ಲಿ ಧೈರ್ಯ ಕೊಟ್ಟಿದೆ.

ಚರ್ಚಿನಲ್ಲಿ ನಡೆಯುವ ಪ್ರತಿ ಬಲಿಪೂಜೆಯಲ್ಲೂ ಸತ್ತವರನ್ನು ನೆನೆಯುವ ಗಳಿಗೆ ಇದೆ. ಆಗ ಅಮ್ಮನ ಹೆಸರನ್ನು ಮನಸ್ಸಿನಲ್ಲೇ ಹೇಳಿ. ಅದಕ್ಕೆ ನವೆಂಬರ್ ಬರಬೇಕಿಲ್ಲ.

ಅಣ್ಣನನ್ನು ಕರೆದುಕೊಂಡು ಫಾದರ್ ಹತ್ತಿರ ಹೋಗಿ. ಯಾವ ದಿನ ಅಗೆಯುತ್ತಾರೆ, ಮೂಳೆಗಳನ್ನು ಎಲ್ಲಿಡುತ್ತಾರೆ, ಕೇಳಿ. ಹೇಳದೆ ಅಗೆಯಬೇಡಿ ಎಂದು ಕೇಳಿಕೊಳ್ಳಿ. ಆ ದಿನ ಇಬ್ಬರೂ ಅಲ್ಲಿರಿ, ಒಂದು ಪ್ರಾರ್ಥನೆ ಮಾಡಿಸಿ. ಅಳು ಬಂದರೆ ಅತ್ತುಬಿಡಿ. ಬರುವಾಗ ಆ ಮರದ ಶಿಲುಬೆಯನ್ನು ಮನೆಗೆ ತನ್ನಿ.