ಕೊಲರಾಡೋದಲ್ಲಿ ಉದುರಿದ ಕೊಂಬು ಹುಡುಕಲು ಮಾರ್ಚ್‌ನಲ್ಲಿ ಹೋಗಬಹುದಾ?

ನಮಸ್ಕಾರ. ಬೇಟೆಗೆ ಹೋಗುವ ಸಹೋದ್ಯೋಗಿಗಳ ಜೊತೆ ಡೆನ್ವರ್‌ನಿಂದ ಪಶ್ಚಿಮದ ಬೆಟ್ಟಗಳಿಗೆ ಜಿಂಕೆ, ಎಲ್ಕ್‌ಗಳ (ಎಲ್ಕ್ ಅಂದರೆ ದೊಡ್ಡ ಜಾತಿಯ ಜಿಂಕೆ) ಉದುರಿದ ಕೊಂಬು ಹುಡುಕಲು ಮಾರ್ಚ್‌ನಲ್ಲೇ ಹೋಗಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಹೋಗಬೇಡಿ. ಐ-25 ಹೆದ್ದಾರಿಯ ಪಶ್ಚಿಮಕ್ಕಿರುವ ಸಾರ್ವಜನಿಕ ಜಾಗಗಳಲ್ಲಿ ಜನವರಿ 1ರಿಂದ ಏಪ್ರಿಲ್ 30ರವರೆಗೆ ಕೊಂಬು ಆರಿಸುವ ಹಾಗಿಲ್ಲ.

ಸುಮ್ನೆ ಮಾಡಿದ ನಿಯಮವಲ್ಲ ಇದು. ಚಳಿಗಾಲ ಮುಗಿಯುವ ಹೊತ್ತಿಗೆ ಜಿಂಕೆ, ಎಲ್ಕ್‌ಗಳ ಮೈಯಲ್ಲಿ ಕೊಬ್ಬು ಬಹುತೇಕ ಕರಗಿರುತ್ತದೆ. ಹೆಣ್ಣುಗಳು ಗಬ್ಬವಾಗಿರುತ್ತವೆ. ಹಿಮದಲ್ಲಿ ನಮ್ಮನ್ನು ಕಂಡು ಬೆದರಿ ಓಡಿದರೆ ಉಳಿದ ಶಕ್ತಿಯೂ ಹೋಗುತ್ತದೆ. ಕೊಂಬು ಎಲ್ಲಿಗೂ ಓಡಲ್ಲ, ಅಲ್ವಾ? ಗಂಡುಗಳು ಪ್ರತಿ ವರ್ಷ ತಾವಾಗಿಯೇ ಅದನ್ನು ಉದುರಿಸುತ್ತವೆ. ಎಲ್ಕ್‌ಗಳದ್ದು ಜಾಸ್ತಿ ಬೀಳುವುದೇ ಮಾರ್ಚ್, ಏಪ್ರಿಲ್‌ನಲ್ಲಿ.

ಮೇನಲ್ಲಿ ಹೋಗಿ. ಹಿಮ ಮೊದಲು ಕರಗುವ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು, ಪ್ರಾಣಿಗಳು ಹಾರಿ ದಾಟುವ ಬೇಲಿಯ ಆಸುಪಾಸು ನೋಡಿ. ಬೈನಾಕ್ಯುಲರ್ ಇದ್ದರೆ ನಡಿಗೆ ಎಷ್ಟೋ ಉಳಿಯುತ್ತದೆ. ಹಳೆಯ ಕೊಂಬನ್ನು ಇಲಿ, ಮುಳ್ಳುಹಂದಿಗಳು ಸುಣ್ಣದಂಶಕ್ಕಾಗಿ ಕಡಿದಿರುತ್ತವೆ. ಅದನ್ನು ಅಲ್ಲೇ ಬಿಡಿ. ಖಾಸಗಿ ಜಮೀನಾದರೆ ಮಾಲೀಕರನ್ನು ಕೇಳಿ. ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದಲ್ಲಿ ಮಾತ್ರ ಯಾವ ಕಾಲದಲ್ಲೂ ಮುಟ್ಟಬೇಡಿ.

ಮೇ ಹೊತ್ತಿಗೆ ರಕ್ತ ಹೀರುವ ಉಣ್ಣೆ ಹುಳಗಳ ಕಾಟ ಇರುತ್ತದೆ. ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ. ಮನೆಗೆ ಬಂದ ತಕ್ಷಣ ಮಂಡಿಯ ಹಿಂದೆ, ಕೂದಲೊಳಗೆ ತಪ್ಪದೇ ನೋಡಿಕೊಳ್ಳಿ.