ಕೇಳಿ, ಹೇಳ್ತೇವೆ: ಕಡಲ ದಂಡೆಯ ಟೆಂಟು, ಸುತ್ತ ಕಾಡು ಕುದುರೆ

ಪ್ರಶ್ನೆ: ನಾವು ಡೊಂಬಿವಲಿಯವರು. ಮಗಳು, ಅಳಿಯ ಅಮೆರಿಕದ ಮೇರಿಲ್ಯಾಂಡಿನಲ್ಲಿದ್ದಾರೆ. ಜೂನ್‌ನಲ್ಲಿ ನಾವು ಹೋದಾಗ ಆಸಟೀಗ್ ಅನ್ನುವ ದ್ವೀಪದಲ್ಲಿ ಎಲ್ಲರೂ ಟೆಂಟ್ ಹಾಕಿಕೊಂಡು ಇರೋಣ ಅಂತ ಬುಕ್ ಮಾಡಿಬಿಟ್ಟಿದ್ದಾರೆ. ಕಾಡು ಕುದುರೆಗಳು ಟೆಂಟ್ ಪಕ್ಕದಲ್ಲೇ ಓಡಾಡುತ್ತವಂತೆ. ನಮ್ಮ ಮನೆಯವರಿಗೆ ಮಂಡಿನೋವು, ಮೊಮ್ಮಗನಿಗೆ ಐದು ವರ್ಷ. ಹೋಗಬಹುದಾ?

ಉತ್ತರ: ಹೋಗಿ ಅಮ್ಮ, ಧಾರಾಳವಾಗಿ ಹೋಗಿ. ಮೊದಲು ಕುದುರೆ ವಿಷಯ. ಅವು ಸುಮ್ನೆ ಮೈಮೇಲೆ ಬರುವುದಿಲ್ಲ. ಆದರೆ ಹತ್ತಿರ ಹೋದರೆ ಕಚ್ಚುತ್ತವೆ, ಒದೆಯುತ್ತವೆ. ಅಲ್ಲಿನ ನಿಯಮ 40 ಅಡಿ ದೂರ, ಅಂದರೆ ಹೆಚ್ಚುಕಡಿಮೆ ನಮ್ಮ ಮುಂಬೈಯ ಒಂದು ಬೆಸ್ಟ್ ಬಸ್ಸಿನಷ್ಟು ಉದ್ದ. ಕುದುರೆಯೇ ನಿಮ್ಮ ಕಡೆ ನಡೆದು ಬಂದರೂ ಹಿಂದೆ ಸರಿಯಬೇಕಾದವರು ನೀವೇ. ಮೊಮ್ಮಗನಿಗೆ ಇದನ್ನು ಈಗಿನಿಂದಲೇ ಹೇಳಿಡಿ.

ನಿಜವಾದ ತಕರಾರು ತಿಂಡಿ ಚೀಲದ್ದು. ನೀವು ಚಕ್ಕುಲಿ, ಕೋಡುಬಳೆ, ಚಟ್ನಿಪುಡಿ ಇಲ್ಲದೆ ವಿಮಾನ ಹತ್ತುವವರಲ್ಲ ಅಂತ ನನಗೆ ಗೊತ್ತು. ಅದ್ಯಾವುದನ್ನೂ ಟೆಂಟಿನೊಳಗೆ ಇಡಬೇಡಿ. ಕುದುರೆಗೆ ವಾಸನೆ ಸಿಕ್ಕಿದರೆ ಟೆಂಟಿನ ಬಟ್ಟೆ ಅದಕ್ಕೇನೂ ಅಡ್ಡಿಯಲ್ಲ, ಐಸ್ ಪೆಟ್ಟಿಗೆಯ ಮುಚ್ಚಳ ತೆಗೆಯುವುದನ್ನೂ ಕೆಲವು ಕಲಿತುಬಿಟ್ಟಿವೆ. ಎಲ್ಲ ಕಾರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿ. ಊಟ ಆದ ತಕ್ಷಣ ತಟ್ಟೆ, ಪಾತ್ರೆ, ಕಸ ಎಲ್ಲ ತೆಗೆದುಬಿಡಿ, ಬೆಳಿಗ್ಗೆ ನೋಡೋಣ ಅನ್ನಬೇಡಿ.

ಇನ್ನು ಮಲಗುವುದು. ಸಮುದ್ರದ ಕಡೆ ಗಾಳಿ ಜಾಸ್ತಿ, ಮರದ ನೆರಳು ಇಲ್ಲವೇ ಇಲ್ಲ ಅನ್ನಬಹುದು. ಟೆಂಟಿನ ಜೊತೆ ಬರುವ ಗಿಡ್ಡ ಗೂಟ ಮರಳಲ್ಲಿ ನಿಲ್ಲುವುದಿಲ್ಲ, ಮರಳಿಗೆ ಅಂತಲೇ ಉದ್ದದ ಗೂಟ ಸಿಗುತ್ತವೆ. ಅಳಿಯಂದಿರಿಗೆ ಹೇಳಿ ತರಿಸಿ. ಒಳಕೊಲ್ಲಿಯ ಕಡೆ ಗಾಳಿ ಕಡಿಮೆ, ಬದಲಿಗೆ ಸೊಳ್ಳೆ. ಸಮುದ್ರದ ಕಡೆಯೂ ಸೊಳ್ಳೆ ಇಲ್ಲ ಅಂತಲ್ಲ. ಹುಲ್ಲಲ್ಲಿ ನಡೆದು ಬಂದ ಮೇಲೆ ಮಗುವಿನ ಕಾಲು, ಕಿವಿಯ ಹಿಂದೆ ರಕ್ತ ಹೀರುವ ಉಣ್ಣಿ ಹತ್ತಿದೆಯಾ ನೋಡಿ. ಅದರಿಂದ ಜ್ವರ, ಕೀಲುನೋವು ತರುವ ಲೈಮ್ ಕಾಯಿಲೆ ಬರಬಹುದು.

ಮಂಡಿನೋವಿನವರಿಗೆ ಮುಖ್ಯವಾದದ್ದು ಸ್ನಾನ, ಶೌಚ. ಅಲ್ಲಿ ಎರಡು ಬೇರೆ ಬೇರೆ ಕ್ಯಾಂಪ್ ಜಾಗಗಳಿವೆ. ಕೇಂದ್ರ ಸರ್ಕಾರದ ನ್ಯಾಷನಲ್ ಸೀಶೋರ್‌ನಲ್ಲಿ (ಸಂರಕ್ಷಿತ ಕಡಲತೀರ) ತಣ್ಣೀರು ಸ್ನಾನ, ಗುಂಡಿ ಶೌಚಾಲಯ, ಕರೆಂಟ್ ಇಲ್ಲ. ಪಕ್ಕದ ಸ್ಟೇಟ್ ಪಾರ್ಕಿನಲ್ಲಿ ಬಿಸಿನೀರಿನ ಸ್ನಾನದ ಮನೆ ಇದೆ. ಮಗಳು ಯಾವುದನ್ನು ಬುಕ್ ಮಾಡಿದ್ದಾಳೆ ಅಂತ ಇವತ್ತೇ ಕೇಳಿ. ನೆಲದ ಮೇಲೆ ಮಲಗಿದರೆ ಅವರು ಬೆಳಿಗ್ಗೆ ಏಳುವುದೇ ಕಷ್ಟ, ಮಡಚುವ ಮಂಚ ಒಂದು ಇರಲಿ.

ಪ್ರಶ್ನೆ: ಮಾಥೇರಾನ್ ಗಿರಿಧಾಮದಲ್ಲಿ ನಮ್ಮ ಮಕ್ಕಳು ಕುದುರೆ ಮೇಲೆ ಕೂತು, ಕೈಯಾರೆ ತಿನ್ನಿಸಿ ಅಭ್ಯಾಸ. ಈ ಕುದುರೆಗಳಿಗೆ ಒಂದು ಕ್ಯಾರೆಟ್, ಒಂದು ಚೂರು ಬೆಲ್ಲ ಕೊಟ್ಟರೆ ಏನಾಗುತ್ತದೆ? (ಮುಲುಂಡ್)

ಉತ್ತರ: ನಿಮಗೆ ದಂಡ ಬೀಳಬಹುದು. ಕುದುರೆಗೆ ಅದಕ್ಕಿಂತ ಕೆಟ್ಟದ್ದಾಗುತ್ತದೆ. ಮಾಥೇರಾನ್ ಕುದುರೆಗೆ ಒಬ್ಬ ಮಾಲೀಕ ಇದ್ದಾನೆ, ಲಗಾಮು ಇದೆ. ಇವಕ್ಕೆ ಎರಡೂ ಇಲ್ಲ. ಒಮ್ಮೆ ಜನರ ಕೈಯಲ್ಲಿ ತಿಂದ ಕುದುರೆ ರಸ್ತೆಬದಿಗೆ ಬಂದು ಕಾರುಗಳಿಗೆ ಕಾಯುತ್ತಾ ನಿಲ್ಲುತ್ತದೆ, ಹಾಗೆ ಕಾರಿಗೆ ಸಿಕ್ಕಿ ಸತ್ತವು ಇವೆ. ಚಿಪ್ ಅಂತ ಒಂದು ಗಂಡು ಕುದುರೆ ಇತ್ತು. ಕ್ಯಾಂಪಿನವರ ಊಟದ ರುಚಿ ಹತ್ತಿ ಜನರ ಮೇಲೇ ಏರಿ ಹೋಗತೊಡಗಿತು. ಕೊನೆಗೆ 2022ರಲ್ಲಿ ಅದನ್ನು ದ್ವೀಪದಿಂದ ಹಿಡಿದು ಟೆಕ್ಸಾಸಿನ ಒಂದು ಪ್ರಾಣಿಧಾಮಕ್ಕೆ ಕಳಿಸಿದರು. ರುಚಿ ಹತ್ತಿಸಿದವರು ರಜೆ ಮುಗಿಸಿ ಆರಾಮಾಗಿ ಮನೆ ಸೇರಿದ್ದರು, ಅಲ್ವಾ?

ಪ್ರಶ್ನೆ: ಆ ಕುದುರೆಗಳು ಒಡೆದ ಹಡಗಿನಿಂದ ಈಜಿ ಬಂದವು ಅನ್ನುತ್ತಾರೆ, ನಿಜವಾ? ಫೋಟೋದಲ್ಲಿ ಎಲ್ಲವೂ ಗಬ್ಬವಾದ ಹಾಗೆ ಕಾಣುತ್ತವಲ್ಲ? (ಪುಣೆ, ಕೋಥ್ರುಡ್)

ಉತ್ತರ: ಹೊಟ್ಟೆ ಉಬ್ಬಿರುವುದು ನೀರಿನಿಂದ. ಅವು ತಿನ್ನುವುದು ಹೆಚ್ಚಾಗಿ ಉಪ್ಪು ಜೌಗಿನ ಹುಲ್ಲು, ಹಾಗಾಗಿ ಸಾಕಿದ ಕುದುರೆಗಿಂತ ಸುಮಾರು ಎರಡು ಪಟ್ಟು ನೀರು ಕುಡಿಯುತ್ತವೆ.

ಸ್ಪೇನಿನ ಹಡಗು ಒಡೆದು ಕುದುರೆಗಳು ಈಜಿ ಬಂದವು ಅನ್ನುವ ಕತೆ ಚೆನ್ನಾಗಿದೆ. ಆದರೆ ಪಾರ್ಕಿನವರು ನಂಬುವುದು ಬೇರೆ: 17ನೇ ಶತಮಾನದ ಕೊನೆಯಲ್ಲಿ ದಡದ ರೈತರು ಜಾನುವಾರು ತೆರಿಗೆ ಮತ್ತು ಬೇಲಿ ಕಾನೂನು ತಪ್ಪಿಸಿಕೊಳ್ಳಲು ಕುದುರೆಗಳನ್ನು ದ್ವೀಪಕ್ಕೆ ಬಿಟ್ಟರು. ತೆರಿಗೆ ಉಳಿಸುವ ಉಪಾಯ ಎಲ್ಲ ಕಾಲದಲ್ಲೂ ಇತ್ತು, ನಾನು ಈ ಕತೆಯನ್ನೇ ಜಾಸ್ತಿ ನಂಬುತ್ತೇನೆ. ಹಾಗಂತ ಸ್ಪೇನಿನ ಮಾತು ಪೂರ್ತಿ ಸುಳ್ಳು ಅನ್ನುವಂತೆಯೂ ಇಲ್ಲ. ಹೈಟಿಯಲ್ಲಿ ಸ್ಪೇನಿನವರ ಹಳೆಯ ಊರೊಂದರಲ್ಲಿ ಸಿಕ್ಕಿದ 16ನೇ ಶತಮಾನದ ಕುದುರೆ ಹಲ್ಲಿನ ಡಿಎನ್‌ಎ ಈ ದ್ವೀಪದ ಕುದುರೆಗಳಿಗೇ ಬಹಳ ಹತ್ತಿರ ಅಂತ 2022ರಲ್ಲಿ ಪ್ರಕಟವಾಯಿತು.

ಮುಂಬೈ, ಪುಣೆಯವರಿಗೆ ಇಷ್ಟವಾಗುವ ಇನ್ನೊಂದು ಕತೆ. 1950ರ ದಶಕದಲ್ಲಿ ಇದೇ ದ್ವೀಪದಲ್ಲಿ ರಸ್ತೆ ಹಾಕಿ ಸೀ ಫೇಸಿಂಗ್ ಸೈಟು ಮಾರುತ್ತಿದ್ದರು. 1962ರ ಮಾರ್ಚ್ ಬಿರುಗಾಳಿ ರಸ್ತೆ, ಮನೆ ಎಲ್ಲ ಬಳಿದುಕೊಂಡು ಹೋಯಿತು. 1965ರಲ್ಲಿ ಸರ್ಕಾರ ಅದನ್ನು ಸಂರಕ್ಷಿತ ಕಡಲತೀರ ಅಂತ ಘೋಷಿಸಿತು. ಇಲ್ಲದಿದ್ದರೆ ಇವತ್ತು ಅಲ್ಲಿ ಟೆಂಟ್ ಅಲ್ಲ, ಟವರ್ ಇರುತ್ತಿತ್ತು.

ಪ್ರಶ್ನೆ: ಕುದುರೆ ಈಜುವ ಹಬ್ಬ ನೋಡಿಕೊಂಡು ಅಲ್ಲೇ ಕ್ಯಾಂಪ್ ಮಾಡಬಹುದಾ? (ವಾಸ್ಕೋ, ಗೋವಾ)

ಉತ್ತರ: ಅಲ್ಲೇ ಆಗುವುದಿಲ್ಲ. ದ್ವೀಪದ ಉತ್ತರ ಭಾಗ ಮೇರಿಲ್ಯಾಂಡಿಗೆ, ದಕ್ಷಿಣ ಭಾಗ ವರ್ಜೀನಿಯಾಕ್ಕೆ ಸೇರಿದೆ, ನಡುವೆ ಬೇಲಿ, ಎರಡು ಬೇರೆ ಹಿಂಡು. ಈಜು ನಡೆಯುವುದು ವರ್ಜೀನಿಯಾ ಕಡೆ, ಅಲ್ಲಿ ದ್ವೀಪದ ಮೇಲೆ ಟೆಂಟ್ ಹಾಕಲು ಬಿಡುವುದಿಲ್ಲ. ಪಕ್ಕದ ಶಿಂಕೊಟೀಗ್ ಊರಿನ ಖಾಸಗಿ ಕ್ಯಾಂಪ್‌ಗಳಲ್ಲಿ ಉಳಿಯಬೇಕು. ಆ ಹಿಂಡು ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದ್ದು. 1925ರಿಂದ ಅವರೇ ನಡೆಸುತ್ತಾರೆ: ಜುಲೈ ಕೊನೆಯ ಬುಧವಾರ ಕುದುರೆಗಳನ್ನು ಈಜಿಸಿ ದ್ವೀಪಕ್ಕೂ ಊರಿಗೂ ನಡುವಿನ ಕಡಲ ಕಾಲುವೆ ದಾಟಿಸಿ, ಮಾರನೇ ದಿನ ಮರಿಗಳನ್ನು ಹರಾಜು ಹಾಕುತ್ತಾರೆ. ಈಜು ಕೆಲವೇ ನಿಮಿಷದ್ದು. ನೀರಿನ ಏರಿಳಿತ ನೋಡಿ ಸಮಯ ಗೊತ್ತುಮಾಡುತ್ತಾರೆ, ಜನ ಸಾವಿರಾರು. ಚಿಕ್ಕ ಮಕ್ಕಳಿದ್ದರೆ ಅದು ಬೇಡ ಅಂತ ನನ್ನ ಅಭಿಪ್ರಾಯ, ಸೆಪ್ಟೆಂಬರಲ್ಲಿ ಮೇರಿಲ್ಯಾಂಡ್ ಕಡೆಗೆ ಹೋಗಿ. ಅಲ್ಲಿನ ನ್ಯಾಷನಲ್ ಸೀಶೋರ್‌ನ ಬುಕಿಂಗ್ ಆರು ತಿಂಗಳು ಮೊದಲೇ ತೆರೆಯುತ್ತದೆ.

ಪ್ರಶ್ನೆ: ವೀಸಾ ಇಲ್ಲದೆ ನೋಡುವ ಕಾಡು ಕುದುರೆ ಇಲ್ಲವೇ? (ಠಾಣೆ)

ಉತ್ತರ: ಇವೆ, ಅಸ್ಸಾಮಿನ ದಿಬ್ರು-ಸೈಖೋವಾ ರಾಷ್ಟ್ರೀಯ ಉದ್ಯಾನದಲ್ಲಿ. ಎರಡನೇ ಮಹಾಯುದ್ಧದ ಕಾಲದ ಸೇನೆಯ ಕುದುರೆಗಳ ಸಂತತಿ ಅನ್ನುತ್ತಾರೆ. ಸಮುದ್ರ ಇಲ್ಲ, ಬ್ರಹ್ಮಪುತ್ರದ ಮರಳು ದಿಬ್ಬಗಳಿವೆ. ಚಳಿಗಾಲದಲ್ಲಿ ತಿನ್ಸುಕಿಯಾಕ್ಕೆ ಹೋಗಿ, ಗುಯಿಜಾನ್ ಘಾಟಿನಿಂದ ದೋಣಿ ಹಿಡಿಯಿರಿ.