ಗುಡ್ಡ ಕುಸಿದದ್ದು ಶಿರೂರಿನಲ್ಲಿ, ರೂಮು ಖಾಲಿ ಬಿದ್ದದ್ದು ಗೋಕರ್ಣದಲ್ಲಿ

ಗೋಕರ್ಣದ ಹತ್ತಿರ ಒಂದು ಹೋಮ್‌ಸ್ಟೇ ಲೀಸ್‌ಗೆ ಸಿಗುತ್ತಿದೆ, ತಗೊಳ್ಳಬೇಕೆಂದಿದ್ದೀರಿ. ಆದರೆ ಶಿರೂರಿನ ಗುಡ್ಡ ಕುಸಿತದಂಥದ್ದು ಮತ್ತೆ ಆದರೆ ಹತ್ತಿರದ ಬೀಚ್ ಊರುಗಳ ವ್ಯಾಪಾರ ಎಷ್ಟು ಕಾಲ ನೆಲ ಕಚ್ಚುತ್ತದೆ, ಅದು ಗೊತ್ತಾಗಬೇಕು ಅಂತ ಕೇಳಿದ್ದೀರಿ. ನಾನು ಅದೇ ಸೀಮೆಯಲ್ಲಿ ಕೆಲವೇ ರೂಮುಗಳ ಸಣ್ಣ ಹೋಮ್‌ಸ್ಟೇ ನಡೆಸುವವನು. ಹಾಗಾಗಿ ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ಬೀಚ್‌ಗೇ ಏನೂ ಆಗಿಲ್ಲದಿದ್ದರೆ ವ್ಯಾಪಾರ ಬೀಳುವುದು ವಾರಗಳ ಲೆಕ್ಕದಲ್ಲಿ, ವರ್ಷಗಳ ಲೆಕ್ಕದಲ್ಲಲ್ಲ. ಆದರೆ ಎಷ್ಟು ವಾರ ಅನ್ನುವುದಕ್ಕೂ ಅನಾಹುತ ಎಷ್ಟು ಕಿಲೋಮೀಟರ್ ದೂರದಲ್ಲಿ ಆಯಿತು ಅನ್ನುವುದಕ್ಕೂ ಸಂಬಂಧ ಕಡಿಮೆ. ನಿಮ್ಮ ಗೆಸ್ಟ್ ಯಾವ ರಸ್ತೆಯಲ್ಲಿ ಬರುತ್ತಾನೆ ಅನ್ನುವುದೇ ಮುಖ್ಯ.

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಜಾರಿ ಬಂತು. ರಸ್ತೆ ಬದಿಯ ಚಹಾ ಹೋಟೆಲು, ಅದನ್ನು ನಡೆಸುತ್ತಿದ್ದ ಕುಟುಂಬ, ಅಲ್ಲಿ ನಿಂತಿದ್ದ ಲಾರಿಯವರು ಮಣ್ಣಿನಡಿ ಸಿಕ್ಕಿಕೊಂಡರು, ಗಂಗಾವಳಿ ಹೊಳೆಗೆ ಕೊಚ್ಚಿಹೋದರು. ಒಂದು ಗ್ಯಾಸ್ ಟ್ಯಾಂಕರ್ ಹೊಳೆಯಲ್ಲಿ ತೇಲಿಕೊಂಡು ಹೋಯಿತು. ಮಣ್ಣು ಬಿದ್ದ ರಭಸಕ್ಕೆ ನೀರು ಉಕ್ಕಿ ಆಚೆ ದಡದ ಉಳುವರೆಯ ಮನೆಗಳಿಗೆ ನುಗ್ಗಿತು. ಒಟ್ಟು 11 ಜೀವ ಹೋದವು. ಕೇರಳದ ಲಾರಿ ಚಾಲಕರೊಬ್ಬರಿಗಾಗಿ ಹುಡುಕಾಟ ಸೆಪ್ಟೆಂಬರ್ 25ರವರೆಗೂ ನಡೆಯಿತು. ಗೋವಾದಿಂದ ಡ್ರೆಜರ್ ತರಿಸಿ, ಹೊಳೆಯ ಮಣ್ಣು ಎತ್ತಿಸಿದ ಮೇಲೆಯೇ ಲಾರಿ ಸಿಕ್ಕಿದ್ದು. ಅಲ್ಲಿ ಮನೆ ಮನೆಯಲ್ಲಿ ಸೂತಕ ಇರುವಾಗ ಇಲ್ಲಿ ನಾವು ರೂಮಿನ ಲೆಕ್ಕ ಮಾತಾಡುವುದಕ್ಕೆ ಬಾಯಿ ಬರುತ್ತಿರಲಿಲ್ಲ. ಲೆಕ್ಕ ಮಾತ್ರ ತನ್ನ ಪಾಡಿಗೆ ಇಳಿಯುತ್ತಾ ಹೋಯಿತು.

ಈಗ ಮ್ಯಾಪ್ ತೆಗೆದು ನೋಡಿ. ಶಿರೂರಿನಿಂದ ಗೋಕರ್ಣಕ್ಕೆ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಓಂ ಬೀಚ್, ಕುಡ್ಲೆ ಬೀಚ್‌ನಲ್ಲಿ ಒಂದು ಕಲ್ಲೂ ಅಲುಗಾಡಲಿಲ್ಲ. ಆದರೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿಯಿಂದ ಬರುವವರು ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಅಂಕೋಲಾಕ್ಕೆ ಬಂದು ಎಡಕ್ಕೆ ತಿರುಗುತ್ತಾರೆ. ಅಲ್ಲಿಂದ ಗೋಕರ್ಣಕ್ಕೆ ತಿರುಗುವ ಮಾದನಗೇರಿ ಕ್ರಾಸ್‌ಗೆ ಹೋಗುವ ದಾರಿಯಲ್ಲೇ ಶಿರೂರು. ಗೋವಾ, ಕಾರವಾರದಿಂದ ಬರುವವರಿಗೂ ಅದೇ ದಾರಿ. ಹೆದ್ದಾರಿ ಬಂದ್ ಆದ ದಿನವೇ ಈ ಕಡೆಯ ಗೆಸ್ಟ್‌ಗಳು ನಿಂತುಹೋದರು. ಮಂಗಳೂರು, ಉಡುಪಿ, ಶಿವಮೊಗ್ಗದಿಂದ ಹೊನ್ನಾವರ, ಕುಮಟಾ ಮೇಲೆ ಬರುವವರಿಗೆ ಶಿರೂರು ದಾರಿಯಲ್ಲಿ ಸಿಗುವುದೇ ಇಲ್ಲ. ಅವರು ಬರಬಹುದಿತ್ತು. ಬರಲಿಲ್ಲ, ಯಾಕಂದರೆ ಟಿವಿಯಲ್ಲಿ ಬಂದದ್ದು ‘ಉತ್ತರ ಕನ್ನಡದಲ್ಲಿ ಗುಡ್ಡ ಕುಸಿತ’ ಅಂತ. ಜಿಲ್ಲೆ ಎಷ್ಟು ಉದ್ದ ಇದೆ ಅಂತ ಯಾರು ನೋಡುತ್ತಾರೆ?

ಇದರ ಮೇಲೆ ಇನ್ನೊಂದು ಗೊಂದಲ. ಇದೇ ಹೆದ್ದಾರಿ 66ರ ಮೇಲೆ ಬೈಂದೂರಿನ ಹತ್ತಿರ ಇನ್ನೊಂದು ಶಿರೂರು ಇದೆ, ಟೋಲ್ ಗೇಟ್ ಇರುವುದು ಅಲ್ಲಿ. ಕುಂದಾಪುರ ಕಡೆಯಿಂದ ಮುರ್ಡೇಶ್ವರಕ್ಕೆ ಬರುವವರಿಗೆ ಗೊತ್ತಿರುವ ಶಿರೂರು ಅದು. ‘ಟೋಲ್ ಹತ್ತಿರವೇ ಗುಡ್ಡ ಬಿತ್ತಂತಲ್ಲ, ಹಂಗಾದ್ರೆ ಮುರ್ಡೇಶ್ವರಕ್ಕೂ ಹೋಗಕ್ಕಾಗಲ್ಲ ಅಲ್ವಾ?’ ಅಂತ ಫೋನ್ ಮಾಡಿದವರಿಗೆ ಎರಡು ಶಿರೂರಿನ ಕತೆ ಹೇಳಿ ಹೇಳಿ ನನಗೆ ಬಾಯಿಪಾಠ ಆಗಿತ್ತು. ಆಗಸ್ಟ್ 6ರ ರಾತ್ರಿ ಕಳೆದು 7ರ ನಸುಕಿನಲ್ಲಿ ಕಾರವಾರದಲ್ಲಿ ಕಾಳಿ ಹೊಳೆಯ ಹಳೇ ಸೇತುವೆ ಬೇರೆ ಕುಸಿಯಿತು. ಅದು ಪ್ರಕೃತಿ ವಿಕೋಪ ಅಲ್ಲ, ಪಕ್ಕದಲ್ಲೇ ಹೊಸ ಸೇತುವೆಯೂ ಇತ್ತು. ಆದರೆ ದೂರದಲ್ಲಿ ಕೂತು ನೋಡುವವರಿಗೆ ಎಲ್ಲಾ ಒಂದೇ ಸುದ್ದಿ.

ಹುಬ್ಬಳ್ಳಿ ಕಡೆಯ ನನ್ನ ಹಳೇ ಗೆಸ್ಟ್ ಒಬ್ಬರು ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದರು. ‘ರಸ್ತಾ ಚಾಲೂ ಆತೇನ್ರೀ?’ ಅಷ್ಟೇ ಪ್ರಶ್ನೆ. ಸಮುದ್ರ ಹೇಗಿದೆ, ರೂಮು ಹೇಗಿದೆ, ಏನೂ ಕೇಳುತ್ತಿರಲಿಲ್ಲ. ನೋಡಿ, ಗೆಸ್ಟ್ ತಲೆಯಲ್ಲಿ ಓಡುವ ಲೆಕ್ಕ ಇದೇ. ಶಿರಸಿ ಮೇಲೆ ಸುತ್ತಿ ಬರಬಹುದು, ಆದರೆ ಮಳೆಗಾಲದಲ್ಲಿ ದೇವಿಮನೆ ಘಟ್ಟದ ಮೇಲೂ ಯಾರಿಗೂ ನಂಬಿಕೆ ಇಲ್ಲ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬರುವವನು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಸುಮ್ನೆ ಬೇರೆ ಊರಿಗೆ ಹೋಗುತ್ತಾನೆ.

ಆದರೂ ನಾವು ಬಚಾವಾದದ್ದು ತಿಂಗಳಿನಿಂದ. ಜುಲೈ ಅಂದರೆ ನಮ್ಮಲ್ಲಿ ಹೇಗಿದ್ದರೂ ಆಫ್ ಸೀಸನ್. ಸಮುದ್ರಕ್ಕೆ ಇಳಿಯುವ ಹಾಗಿಲ್ಲ, ಬೋಟುಗಳು ದಡದಲ್ಲಿ, ಕುಡ್ಲೆಯ ಶ್ಯಾಕ್‌ಗಳಿಗೆ ಟಾರ್ಪಲ್ ಮುಚ್ಚಿರುತ್ತದೆ. ಆಗ ಬರುವವರು ಮಳೆ ನೋಡುವವರು, ಯಾಣ, ವಿಭೂತಿ ಜಲಪಾತ ಅಂತ ವೀಕೆಂಡ್‌ಗೆ ಬರುವ ಬೆಂಗಳೂರಿನ ಹುಡುಗರು. ಆ ವ್ಯಾಪಾರ ಪೂರ್ತಿ ಹೋಯಿತು, ಆಗಸ್ಟ್ 15ರ ವೀಕೆಂಡ್‌ನ ಬುಕಿಂಗ್ ಮುಕ್ಕಾಲು ಭಾಗ ಕ್ಯಾನ್ಸಲ್ ಆಯಿತು. ದಸರಾ ರಜೆ ಹೊತ್ತಿಗೆ ಫೋನ್ ಮತ್ತೆ ಮೊದಲಿನಂತೆ ಬಡಿದುಕೊಳ್ಳುತ್ತಿತ್ತು. ಅದೇ ಗುಡ್ಡ ಡಿಸೆಂಬರ್ 20ಕ್ಕೆ ಕುಸಿದಿದ್ದರೆ? ವರ್ಷದ ದುಡಿಮೆಯ ದೊಡ್ಡ ಪಾಲು ನಮಗೆ ಬರುವುದೇ ಆ ಹತ್ತು ಹದಿನೈದು ದಿನದಲ್ಲಿ. ಮಳೆಯಿಲ್ಲದೆ ಗುಡ್ಡ ಕುಸಿಯುವುದು ಕಡಿಮೆ ಅನ್ನುವುದೇ ನಮ್ಮ ಪುಣ್ಯ.

ಆ ಪುಣ್ಯ ಇಲ್ಲದವರ ಕತೆ ಬೇಕಾದರೆ 2004ರ ಸುನಾಮಿ ನೋಡಿ. ಡಿಸೆಂಬರ್ 26, ಕ್ರಿಸ್‌ಮಸ್ ಮರುದಿನ, ಥಾಯ್ಲೆಂಡಿನ ಬೀಚ್ ಹೋಟೆಲುಗಳು ತುಂಬಿ ತುಳುಕುವ ಹೊತ್ತು. ಆ ದೇಶದಲ್ಲೇ ಸತ್ತವರು ಐದು ಸಾವಿರಕ್ಕಿಂತ ಜಾಸ್ತಿ, ಅದರಲ್ಲಿ ಸುಮಾರು ಅರ್ಧ ವಿದೇಶಿಯರು. ಹೆಚ್ಚು ಸಾವು ಆದದ್ದು ಖಾವೊ ಲಾಕ್ ಇರುವ ಫಾಂಗ್ ಙಾ ಪ್ರಾಂತ್ಯದಲ್ಲಿ. ಅಲ್ಲಿ ಪೊಲೀಸರ ಗಸ್ತು ದೋಣಿಯನ್ನೇ ಅಲೆ ಒಂದು ಕಿಲೋಮೀಟರ್‌ಗಿಂತ ಹೆಚ್ಚು ಒಳಗೆ ಎತ್ತಿ ಒಗೆದಿತ್ತು, ಈಗಲೂ ಅದನ್ನು ಅಲ್ಲೇ ಸ್ಮಾರಕವಾಗಿ ಇಟ್ಟುಕೊಂಡಿದ್ದಾರೆ. ಪಕ್ಕದ ಫುಕೆಟ್‌ನಲ್ಲೂ ಪಟೋಂಗ್‌ನಂಥ ಬೀಚ್‌ಗಳಿಗೆ ಪೆಟ್ಟು ಬಿತ್ತು, ಆದರೆ ದ್ವೀಪದ ಹೆಚ್ಚಿನ ಹೋಟೆಲು ರೂಮುಗಳು ಚೆನ್ನಾಗಿಯೇ ಇದ್ದವು. ಹಾಗಿದ್ದೂ ಜನವರಿಯಲ್ಲಿ ಅಲ್ಲಿ ಊರಿಗೆ ಊರೇ ಖಾಲಿ. ಇನ್ನೊಂದು ವಿಷಯ ನನಗೆ ಬಹಳ ಕುತೂಹಲದ್ದು. ನೂರಾರು ಜನರನ್ನು ಕಳೆದುಕೊಂಡ ಸ್ವೀಡನ್ನಿನವರು ಬೇಗ ವಾಪಸ್ ಬಂದರು. ಪೂರ್ವ ಏಷ್ಯಾದ ಕಡೆಯವರು ಜಾಸ್ತಿ ಕಾಲ ದೂರ ಉಳಿದರು. ಅಷ್ಟು ಜನ ಸತ್ತ ಜಾಗ, ಪ್ರೇತಬಾಧೆ ಇರುತ್ತದೆ ಅನ್ನುವ ಹೆದರಿಕೆ.

ಮಾಲ್ಡೀವ್ಸ್‌ನಲ್ಲಿ ಸತ್ತವರು, ಕಾಣೆಯಾದವರು ಸೇರಿ ನೂರರ ಆಸುಪಾಸು. ಆದರೆ ಅವರ ಬದುಕೇ ಟೂರಿಸಂ. 2004ರಲ್ಲಿ 6 ಲಕ್ಷ 16 ಸಾವಿರ ಪ್ರವಾಸಿಗರು ಬಂದಿದ್ದರು, 2005ರಲ್ಲಿ 3 ಲಕ್ಷ 95 ಸಾವಿರಕ್ಕೆ ಇಳಿಯಿತು. 2006ರಲ್ಲಿ ಮತ್ತೆ 6 ಲಕ್ಷ ದಾಟಿತು. ಅಂದರೆ ಸಮುದ್ರವೇ ಬಂದು ಹೊಡೆದ ಜಾಗದಲ್ಲೂ ಗೆಸ್ಟ್‌ಗಳು ಒಂದೇ ವರ್ಷದಲ್ಲಿ ಹೆಚ್ಚುಕಡಿಮೆ ವಾಪಸ್ ಬಂದರು. ಬಾಲಿಯಲ್ಲಿ 2017ರಲ್ಲಿ ಆಗುಂಗ್ ಜ್ವಾಲಾಮುಖಿ ಎದ್ದಾಗ ಕೂಟಾ ಬೀಚ್‌ಗೆ ಏನೂ ಆಗಲಿಲ್ಲ. ಬೂದಿಯ ಕಾರಣಕ್ಕೆ ನವೆಂಬರ್ 27ರಿಂದ 29ರವರೆಗೆ ವಿಮಾನ ನಿಲ್ದಾಣ ಮುಚ್ಚಿದರು, ಅಷ್ಟಕ್ಕೇ ಸಾವಿರಾರು ಜನರ ಪ್ರವಾಸ ಹಾಳಾಯಿತು. ನಮಗೆ ಹೆದ್ದಾರಿ 66, ಅವರಿಗೆ ವಿಮಾನ ನಿಲ್ದಾಣ.

ಒಂದು ಎಚ್ಚರಿಕೆ. ಲೀಸ್ ಕೊಡುವವರು ನಿಮಗೆ ಹಳೇ ವರ್ಷಗಳ ಲೆಕ್ಕ ತೋರಿಸಿ ‘ಶಿರೂರು ಆದ ವರ್ಷವೂ ರೂಮು ತುಂಬಿತ್ತು’ ಅಂದರೆ, ತುಂಬಿದ್ದು ಯಾರು ಅಂತ ಕೇಳಿ. ಸುನಾಮಿ ಆದ ಮರುವರ್ಷ ಶ್ರೀಲಂಕಾಕ್ಕೆ ಬಂದ ವಿದೇಶಿಯರ ಲೆಕ್ಕ 5 ಲಕ್ಷ 66 ಸಾವಿರದಿಂದ 5 ಲಕ್ಷ 49 ಸಾವಿರಕ್ಕೆ ಇಳಿಯಿತು, ಅಷ್ಟೇ. ಅರೆ, ಏನೂ ಆಗಿಲ್ಲವಲ್ಲ ಅನ್ನಿಸುತ್ತದೆ. ಆದರೆ ಪರಿಹಾರದ ಕೆಲಸಕ್ಕೆ ಬಂದವರು, ನೆಂಟರಿಷ್ಟರನ್ನು ನೋಡಲು ಬಂದವರು ಎಲ್ಲರೂ ಆ ಲೆಕ್ಕದಲ್ಲಿ ಸೇರಿದ್ದರು. ಹಿಕ್ಕಡುವ ಬೀಚಿನಲ್ಲಿ ಬಿಸಿಲು ಕಾಯಿಸಲು ಬಂದವರಲ್ಲ. ನಮ್ಮಲ್ಲೂ ಆಗ ಅಂಕೋಲಾ, ಕಾರವಾರದ ಲಾಡ್ಜ್‌ಗಳಲ್ಲಿ ಚಾನೆಲ್‌ನವರು, ಹುಡುಕಾಟಕ್ಕೆ ಬಂದವರು ಉಳಿದುಕೊಂಡಿದ್ದರು.

ಗೋಕರ್ಣಕ್ಕೆ ಇನ್ನೊಂದು ಆಸರೆ ಇದೆ, ಇದು ಗೋವಾದ ಕಲಂಗೂಟ್, ಪಾಲೋಲೆಮ್ ಬೀಚ್‌ಗಳಿಗೆ ಇಲ್ಲ. ಮಹಾಬಲೇಶ್ವರನ ದೇವಸ್ಥಾನ. ಅಪರಕರ್ಮಕ್ಕೆ, ಪಿತೃಕಾರ್ಯಕ್ಕೆ ಬರುವವರು ‘ರಸ್ತೆ ಸರಿಯಾದ ಮೇಲೆ ಬರುತ್ತೇವೆ’ ಅನ್ನುವುದಿಲ್ಲ. ದಿನ ಗೊತ್ತಾಗಿರುತ್ತದೆ, ಎಷ್ಟು ಸುತ್ತಾದರೂ ಬಂದೇ ಬರುತ್ತಾರೆ, ರೈಲಿಗಾದರೂ ಬರುತ್ತಾರೆ. ಅದಕ್ಕೇ ಆ ತಿಂಗಳಲ್ಲಿ ರಥಬೀದಿ ಸುತ್ತಮುತ್ತಲಿನ ರೂಮುಗಳಲ್ಲಿ ಜನ ಇದ್ದರು, ಗುಡ್ಡದಾಚೆ ಬೀಚ್ ಕಡೆಯ ರೂಮುಗಳು ಬಿಕೋ ಅನ್ನುತ್ತಿದ್ದವು. ನೀವು ನೋಡಿರುವ ಜಾಗ ಯಾವ ಕಡೆ ಇದೆ ಅನ್ನುವುದು ಈ ಕಾರಣಕ್ಕೆ ಮುಖ್ಯ.

ನಷ್ಟ ಯಾರಿಗೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನನ್ನಂಥ ರೂಮಿನವನಿಗೆ ಸ್ವಂತ ಮನೆ, ಹಿತ್ತಲಲ್ಲಿ ನಾಲ್ಕು ತೆಂಗಿನ ಮರ, ಹೇಗೋ ನಡೆಯುತ್ತದೆ. ನಮ್ಮಲ್ಲಿ ಬೆಡ್‌ಶೀಟ್ ಒಗೆಯಲು ಬರುತ್ತಿದ್ದ ಅಕ್ಕನಿಗೆ ದಿನದ ಲೆಕ್ಕದ ಸಂಬಳ. ಶೀಟೇ ಇಲ್ಲದ ಮೇಲೆ ಏನು ಒಗೆಯುವುದು? ಕೊನೆಗೆ ಪರದೆ, ಕಂಬಳಿ ಎಲ್ಲ ತೆಗೆದುಕೊಟ್ಟೆ, ಆ ಮಳೆಯಲ್ಲಿ ಅವು ಒಣಗಲೂ ಇಲ್ಲ. ಸ್ಟೇಷನ್ನಿಂದ ಬಾಡಿಗೆ ಹೊಡೆಯುವ ಆಟೋದವರು, ಸಾಲ ಮಾಡಿ ಟೆಂಪೊ ಟ್ರಾವೆಲರ್ ತಗೊಂಡವರು, ಘಟ್ಟದ ಕೆಳಗೆ ರಸ್ತೆ ಬದಿಯಲ್ಲಿ ಬನ್ಸ್, ಮೀನೂಟದ ಹೋಟೆಲು ಇಟ್ಟುಕೊಂಡವರು, ಇವರ ನಷ್ಟ ಯಾವ ವರದಿಯಲ್ಲೂ ಬರುವುದಿಲ್ಲ. ರೂಮು ಬುಕ್ ಮಾಡಿದವನಿಗೆ ಅಡ್ವಾನ್ಸ್ ವಾಪಸ್ ಸಿಗುತ್ತದೆ, ಇವರಿಗೆ ಯಾರು ಕೊಡುತ್ತಾರೆ?

ಅಂಥ ಹೊತ್ತಿನಲ್ಲಿ ರೇಟು ಇಳಿಸಿದರೆ ಜನ ಬರುತ್ತಾರೆ ಅನ್ನುವ ಸಲಹೆ ನಿಮಗೆ ಎಲ್ಲರೂ ಕೊಡುತ್ತಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಹೆದರಿದವನಿಗೆ ಅರ್ಧ ರೇಟಲ್ಲ, ಪುಕ್ಕಟೆ ಕೊಟ್ಟರೂ ಹೆದರಿಕೆ ಹೋಗುವುದಿಲ್ಲ, ಮೇಲೆ ಮುಂದಿನ ಸೀಸನ್‌ನಲ್ಲೂ ಅದೇ ರೇಟು ಕೇಳುತ್ತಾನೆ. ಕೆಲಸಕ್ಕೆ ಬಂದದ್ದು ವಿಡಿಯೊ. ಹೆದ್ದಾರಿ ತೆರೆದ ಮೇಲೆ ಬೈಕ್ ತಗೊಂಡು ಹೋಗಿ, ಮಾದನಗೇರಿಯಿಂದ ಅಂಕೋಲಾವರೆಗಿನ ರಸ್ತೆಯನ್ನು ಮೊಬೈಲಲ್ಲಿ ತೆಗೆದು, ತಾರೀಖು ಹೇಳಿ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ಗುಡ್ಡದ ಕೆಂಪು ಮಣ್ಣು, ಒಂದೇ ಬದಿಯಲ್ಲಿ ನಿಧಾನ ಹೋಗುವ ಲಾರಿಗಳು, ಪೊಲೀಸರು, ಎಲ್ಲಾ ಕಾಣುತ್ತಿತ್ತು. ಮುಚ್ಚಿಡಲಿಲ್ಲ. ‘ಚಾಲೂ ಆತೇನ್ರೀ’ ಅನ್ನುತ್ತಿದ್ದವರು ಅದನ್ನು ನೋಡಿಯೇ ಬುಕ್ ಮಾಡಿದ್ದು.

ಇನ್ನು ನಿಮ್ಮ ಲೀಸ್ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆದಾಯ ಸೊನ್ನೆ ಅಂತಲೇ ಲೆಕ್ಕ ಹಾಕಿ, ಉಳಿದ ಎಂಟು ತಿಂಗಳಲ್ಲಿ ವರ್ಷದ ಬಾಡಿಗೆ ಹುಟ್ಟುತ್ತದಾ ನೋಡಿ. ಹುಟ್ಟದಿದ್ದರೆ ಗುಡ್ಡ ಕುಸಿಯದಿದ್ದರೂ ನಿಮಗೆ ನಷ್ಟವೇ. ಹುಟ್ಟುತ್ತದೆ ಅನ್ನಿಸಿದರೆ, ಹೆದ್ದಾರಿ ಬಂದ್ ಆದ ಅಥವಾ ಜಿಲ್ಲಾಡಳಿತ ಪ್ರವಾಸಿಗರಿಗೆ ನಿರ್ಬಂಧ ಹಾಕಿದ ದಿನಗಳ ಬಾಡಿಗೆ ಮುರಿದುಕೊಳ್ಳಬಹುದು ಅಂತ ಕರಾರಿನಲ್ಲಿ ಬರೆಸಿಕೊಳ್ಳಿ. ಮಾಲೀಕರು ಮೊದಲು ಮುಖ ಸಿಂಡರಿಸುತ್ತಾರೆ, ಆಮೇಲೆ ಒಪ್ಪುತ್ತಾರೆ. ಗೆಸ್ಟ್‌ಗಳೆಲ್ಲ ಒಂದೇ ದಿಕ್ಕಿನಿಂದ ಬರುವ ಹಾಗೆ ಮಾಡಿಕೊಳ್ಳಬೇಡಿ. ಹುಬ್ಬಳ್ಳಿಯವರ ಜೊತೆ ಶಿವಮೊಗ್ಗದವರೂ ಇರಲಿ, ಗೋಕರ್ಣ ರೋಡ್ ಸ್ಟೇಷನ್ನಿಗೆ ರೈಲಿನಲ್ಲಿ ಬಂದು ಇಳಿಯುವವರೂ ಇರಲಿ.

ಕಟ್ಟಡದ ಹಿಂದೆ ಗುಡ್ಡ ಕಡಿದಿದ್ದಾರಾ ಅನ್ನುವುದನ್ನು ಮಾತ್ರ ಮಳೆಗಾಲದಲ್ಲೇ ಬಂದು ನೋಡಿ. ನಮ್ಮ ಕಡೆ ಮೇಲೆ ಗಟ್ಟಿ ಚಿರೇಕಲ್ಲು ಕಂಡರೂ ಅದರ ಕೆಳಗೆ ಮೆತ್ತನೆಯ ಜೇಡಿಮಣ್ಣು ಇರುತ್ತದೆ, ನೀರು ಕುಡಿದರೆ ಜಾರುತ್ತದೆ. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ತೋಟಗಳೇ ಕೆಳಗೆ ಹೋಗಿವೆ. ನೆಟ್ಟಗೆ ಗೋಡೆಯ ಹಾಗೆ ಕಡಿದ ದರೆ, ಅದರಿಂದ ಕೆಂಪು ನೀರು ಒಸರುವುದು ಕಂಡರೆ ಎಷ್ಟೇ ಕಡಿಮೆ ಬಾಡಿಗೆಯಾದರೂ ಬೇಡ. ಜಾಗ ಗೋಕರ್ಣದ ಯಾವ ಮಗ್ಗುಲಲ್ಲಿದೆ ಅಂತ ಕೆಳಗೆ ಬರೆಯಿರಿ. ನನಗೆ ಗೊತ್ತಿರುವ ಕಡೆಯಾದರೆ ಮಳೆಯಲ್ಲಿ ಅಲ್ಲಿ ನೀರು ಹೇಗೆ ಇಳಿಯುತ್ತದೆ ಅಂತ ಹೇಳುತ್ತೇನೆ.